ಮೂರು ಬೆಳಗಿನ ಕಫ

ಕ್ಷಯರೋಗದ ವಾರ್ಡಿನ ಆಯಾಳನ್ನು ಎಲ್ಲರೂ ಕರೆಯುತ್ತಿದ್ದುದು ಡಬ್ಬಿಯಕ್ಕ ಎಂದೇ. ಬೆಳಗಾಗುತ್ತಲೇ ರೋಗಿಗಳ ಕಫದ ಡಬ್ಬಿಗಳನ್ನು ಒಟ್ಟುಮಾಡಿ ಲ್ಯಾಬಿಗೆ ಮುಟ್ಟಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಹೆತ್ತ ಮಗಳೇ "ಬೇರೆ ಕೆಲ್ಸ ಸಿಗ್ಲಿಲ್ವೇನಮ್ಮ ನಿಂಗೆ?" ಎಂದು ಮೂಗು ಮುರಿದಿದ್ದುಂಟು. ಡಬ್ಬಿಯಕ್ಕ ತಲೆ ಕೆಡಿಸಿಕೊಂಡವಳಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿರುವುದು ಎದೆಯ ಕಫವೋ ಬರೀ ಎಂಜಲೋ ಎಂದು ಹೇಳಿಬಿಡುತ್ತಿದ್ದಳು. ಎಂಜಲು ಒಯ್ದರೆ ಲ್ಯಾಬಿನವನು ಹಾರಾಡುತ್ತಿದ್ದ. ಹಾಗಾಗಿ ನೀರು ನೀರಾದದ್ದನ್ನು ಅವಳೇ ಚೆಲ್ಲಿ, ಪುಸ್ತಕದಲ್ಲಿ 'ಕೊಟ್ಟಿಲ್ಲ' ಎಂದು ಬರೆಯುತ್ತಿದ್ದಳು. ಯಾರೂ ಮಾಡಿದ ನಿಯಮವಲ್ಲ ಅದು. ಬೈಗುಳ ತಪ್ಪಿಸಿಕೊಳ್ಳಲು ಹುಡುಕಿದ ದಾರಿ. ಬರಬರುತ್ತಾ ಅದರ ಮೇಲೆ ಜಂಬವೂ ಬಂದಿತ್ತು.

ಆಗ ವಾರ್ಡಿಗೆ ಬಂದು ಸೇರಿದಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಗಸು. ಎಚ್‌ಐವಿ ಇತ್ತು, ಮೈಯೆಲ್ಲ ಮೂಳೆ ಚಕ್ಕಳ. ನೋಡಲು ಬರುತ್ತಿದ್ದವಳು ತಾಯಿ ಒಬ್ಬಳೇ. ಎಷ್ಟು ಕೆಮ್ಮಿದರೂ ಡಬ್ಬಿಯ ತಳ ನೆನೆಯುವಷ್ಟು ನೀರು.

"ಅಕ್ಕಾ, ಬರೋದೇ ಇಷ್ಟು."

"ಬರುತ್ತೆ ಕಣಮ್ಮ, ಎದೆಯಿಂದ ಕೆಮ್ಮು."

ಬೆನ್ನು ಸವರಿದಳು, ಬಿಸಿನೀರು ಕುಡಿಸಿದಳು. ಅಕ್ಕರೆಗೇನೂ ಕೊರತೆಯಿರಲಿಲ್ಲ. ಆಮೇಲೆ ಚೆಲ್ಲಿದಳು. ಹೀಗೆ ಮೂರು ಬೆಳಗು.

ನಾಲ್ಕನೆಯ ದಿನ, ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಪುಸ್ತಕ ತಿರುವಿದಳು. "ಇವ್ರ ರಿಪೋರ್ಟ್ ಎಲ್ಲಿ?"

"ಸರಿಯಾಗಿ ಕೊಡ್ಲಿಲ್ಲ ಡಾಕ್ಟ್ರೇ, ಬರೀ ನೀರು. ಚೆಲ್ದೆ."

"ಎಚ್‌ಐವಿ ಇರೋರ ಕಫ ಹೀಗೂ ಇರ್ಬಹುದು ಅಕ್ಕ. ಲ್ಯಾಬಿಗೆ ಬಂದಿರೋ ಹೊಸ ಮಿಷನ್ನು ಅದ್ರಲ್ಲೂ ರೋಗ ಹುಡುಕುತ್ತೆ. ಚೆಲ್ಬಾರ್ದಿತ್ತು."

ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು.

ಅಂದಿನ ನೀರು ಅಂದೇ ಲ್ಯಾಬಿಗೆ ಹೋಯಿತು. ಸಂಜೆಗೆ ಫಲಿತಾಂಶ: ಕ್ಷಯ. ಮಾತ್ರೆ ಶುರುವಾಯಿತು. ಮರುದಿನದಿಂದ ಡಬ್ಬಿಯಕ್ಕ ಏನಿದ್ದರೂ ಹಾಗೇ ಒಯ್ದಳು. ಲ್ಯಾಬಿನವನು ಎಂದಿನಂತೆ ಹಾರಾಡಿದಾಗ, "ನೋಡೋದು ಮಿಷನ್ನು, ನೀನಲ್ಲ, ತಗೋ" ಎಂದು ಮೇಜಿನ ಮೇಲೆ ಕುಕ್ಕಿದಳು. ವಾರ್ಡಿನಲ್ಲಿ ಆಮೇಲೆ ಒಂದು ಡಬ್ಬಿಯೂ ಚೆಲ್ಲಿಹೋಗಲಿಲ್ಲ.

ಗುಂಡಿ ಹೊಲಿಯುವವಳಿಗೆ ಅದು ಒದಗಲಿಲ್ಲ. ಮಾತ್ರೆ ಶುರುವಾದ ಐದನೆಯ ದಿನ ಅವಳು ತೀರಿಕೊಂಡಳು.

ಮಗಳ ಬಟ್ಟೆಬರೆ ಒಯ್ಯಲು ಬಂದ ತಾಯಿ ಡಬ್ಬಿಯಕ್ಕನ ಎರಡೂ ಕೈ ಹಿಡಿದುಕೊಂಡಳು. "ನನ್ ಮಗ್ಳನ್ನ ಅಸಹ್ಯ ಪಡದೆ ಮುಟ್ದೋರು ನೀವೊಬ್ರೇ ತಾಯಿ."

ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಡಾಕ್ಟರಮ್ಮ ಯಾರಿಗೂ ಹೇಳಿರಲಿಲ್ಲ. ಆದರೆ ಆ ಕೃತಜ್ಞತೆಯನ್ನು ಡಬ್ಬಿಯಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ.

"ಅವ್ಳು ಕೊಟ್ಟಿದ್ದನ್ನ ಮೂರು ದಿನ ನಾನೇ ಚೆಲ್ಬಿಟ್ಟೆ ಅಮ್ಮಾ. ಔಷಧಿ ತಡ ಆಯ್ತು."

"ಚೆಲ್ದೇ ಇದ್ದಿದ್ರೆ ಉಳೀತಿದ್ಲಾ?"

"ಉಳೀತಿದ್ಲೇನೋ. ಗೊತ್ತಿಲ್ಲ."

ತಾಯಿ ನಿಧಾನವಾಗಿ ಅವಳ ಕೈ ಬಿಟ್ಟು ಬಟ್ಟೆಯ ಗಂಟು ಎತ್ತಿಕೊಂಡಳು.

"ಮೂರು ದಿನಾನೂ ನನ್ ಹತ್ರ ಹೇಳಿ ಅತ್ಲು," ಎಂದಳು, "ಇವತ್ತೂ ಅಕ್ಕನಿಗೆ ಬೇಜಾರು ಮಾಡ್ಬಿಟ್ಟೆ ಅಂತ."