ಜೋಳದ ಕಾಳಿನಷ್ಟು ಬಸವನಹುಳು

ಶಿರೂರಿನ ಹನಮವ್ವ ಕುರಿ ಕೆಮ್ಮಿದ ದನಿ ಕೇಳಿಯೇ ಅದು ಯಾವುದೆಂದು ಹೇಳಬಲ್ಲಳು. ಇದನ್ನು ಯಾರೂ ವಿದ್ಯೆ ಎನ್ನುವುದಿಲ್ಲ. ಪಟ್ಟಣದ ಕಾಲೇಜಿನ ಯುವರಾಜ ಸರ್ ಮಾಡುವುದಕ್ಕೆ ಮಾತ್ರ ಸಂಶೋಧನೆ ಎಂಬ ಹೆಸರಿದೆ.

ಕಳೆದ ವರ್ಷ ಅವಳ ಒಂಬತ್ತು ಕುರಿಗಳು ಗದ್ದದ ಕೆಳಗೆ ನೀರು ತುಂಬಿಕೊಂಡು ಸತ್ತವು. ಕೊನೆಯದರ ಯಕೃತ್ತು ಸೀಳಿದಾಗ ಒಳಗೆ ಎಲೆಯಂಥ ಚಪ್ಪಟೆ ಹುಳುಗಳು. ದನದ ಡಾಕ್ಟರು ಕೆರೆಯತ್ತ ಕೈ ತೋರಿಸಿದರು. ಕುರಿಯ ಹಿಕ್ಕೆಯಲ್ಲಿ ಆ ಹುಳುವಿನ ತತ್ತಿ ನೀರಿಗೆ ಬೀಳುತ್ತದಂತೆ. ಮರಿಗಳು ಬಸವನಹುಳುವಿನ ಹೊಟ್ಟೆಯಲ್ಲಿ ಬೆಳೆದು, ಹೊರಬಿದ್ದು, ದಂಡೆಯ ಹುಲ್ಲಿಗೆ ಅಂಟಿ, ಮತ್ತೆ ಕುರಿಯ ಹೊಟ್ಟೆ ಸೇರುತ್ತವಂತೆ. ಅಂದಿನಿಂದ ಹನಮವ್ವ ಉಳಿದ ಇಪ್ಪತ್ತೆಂಟು ಕುರಿಗಳನ್ನು ಎರಡು ಮೈಲಿ ಆಚೆ, ಹುಲ್ಲಪ್ಪನ ಬೋರಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಹುಲ್ಲಪ್ಪ ಯುಗಾದಿಯವರೆಗೆ ಮಾತ್ರ ಎಂದಿದ್ದ. ಆಮೇಲೆ ಕೆರೆಯೇ ಗತಿ.

ಆಗ ಯುವರಾಜ ಸರ್ ಕೆರೆಗೆ ಬಂದರು. ಬಿಳಿ ಬೂಟು ಕೆಸರಾಗದ ಹಾಗೆ ಕಲ್ಲಿನ ಮೇಲೆ ನಿಂತು, ಬೇರೆಯವರು ಹಿಡಿದುಕೊಟ್ಟ ಬಸವನಹುಳುಗಳನ್ನು ಅಳೆದರು. ಗಾಜಿನ ಲೋಟಗಳಲ್ಲಿ ಬಿಸಿಲಿಗಿಟ್ಟರು. ದೊಡ್ಡವುಗಳಿಂದ ರೋಗದ ಹುಳುವಿನ ಮರಿಗಳು, ಬಾಲದ ಚುಕ್ಕೆಗಳಂತೆ, ನೂರಾರು ಹೊರಬಂದವು, ಜೋಳದ ಕಾಳಿನಷ್ಟಿದ್ದವುಗಳಿಂದ ಒಂದೂ ಇಲ್ಲ. ದೊಡ್ಡದರ ಹೊಟ್ಟೆಯಲ್ಲಿ ಜಾಗ ಹೆಚ್ಚು, ಊಟ ಹೆಚ್ಚು, ಆದ್ದರಿಂದ ಮರಿಗಳೂ ಹೆಚ್ಚು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಸಣ್ಣವುಗಳಿಂದ ಅಪಾಯವೇ ಇಲ್ಲ ಎಂದೂ ಬರೆದರು.

ಪಂಚಾಯಿತಿ ಸದಸ್ಯ ದುಂಡೇಶ ಎರಡು ದಿನ ಜನ ಹಚ್ಚಿ ದೊಡ್ಡವನ್ನಷ್ಟೇ ಬುಟ್ಟಿಗೆ ಆರಿಸಿ ತೆಗೆಸಿದ. ಹಾರ, ಫೋಟೊ, ನೀರಿನಂಚಿಗೆ ಒಂದು ಬೋರ್ಡು: ಈ ಕೆರೆ ಸುರಕ್ಷಿತ.

"ಚಿಗವ್ವಾ, ಇನ್ನರ ಕೆರಿಗೆ ಕುರಿ ಇಳಸು," ಎಂದ ದುಂಡೇಶ ಹನಮವ್ವನಿಗೆ.

"ಸಣ್ಣವು ಹಂಗ ಅದಾವಲ್ಲೋ."

"ಅವುಕ ರೋಗಿಲ್ಲಂತ ಸರ್ ಬರದಾರ."

"ಟಗರಿನ ಮರಿಗೆ ಕೋಡು ಕಾಣೂದಿಲ್ಲ. ಹಂಗಂತ ಮುಂದ ಗುದ್ದೂದಿಲ್ಲೇನು?"

ಹಾರ ಹಾಕಿಕೊಂಡು ನಿಂತಿದ್ದ ಸರ್ ನಕ್ಕರು. "ಯವ್ವಾ, ಇದು ಸೈನ್ಸ್. ನಿನಗ ತಿಳಿಯೂದಲ್ಲ ಬಿಡು."

ಸಂತೆಯಲ್ಲಿ ಕೊಂಡ ಮರಿಯನ್ನು ಹನಮವ್ವ ನೇರವಾಗಿ ಹಿಂಡಿಗೆ ಸೇರಿಸುವುದಿಲ್ಲ. ತಿಂಗಳೊಪ್ಪತ್ತು ಬೇರೆ ಕಟ್ಟಿ ಮೇಯಿಸುತ್ತಾಳೆ. ಒಳಗೆ ರೋಗವಿದ್ದರೆ ಮೈ ತುಂಬಿಕೊಳ್ಳುವಾಗ ತಾನೇ ಹೊರಬೀಳುತ್ತದೆ. ಬಸವನಹುಳುವಿಗೂ ಅದನ್ನೇ ಮಾಡಿದಳು. ಜೋಳದ ಕಾಳಿನಂಥ ಇಪ್ಪತ್ತನ್ನು ಬೋರಿನ ನೀರು ತುಂಬಿದ ಬಕೀಟಿಗೆ ಹಾಕಿ, ತೊಳೆದ ಪಾಲಕದ ಎಲೆ ತಿನ್ನಿಸಿದಳು. ಒಂದು ಹಿಕ್ಕೆಯೂ ಬೀಳದಂತೆ ಮೇಲೆ ಬಟ್ಟೆ ಕಟ್ಟಿದಳು. ಊರು ನಕ್ಕಿತು. ನಗುತ್ತಲೇ ತನ್ನ ಕುರಿಗಳನ್ನು ಕೆರೆಗೆ ಇಳಿಸಿತು.

ಒಂದೂವರೆ ತಿಂಗಳಲ್ಲಿ ಬಕೀಟಿನ ಹನ್ನೊಂದು ಬಸವನಹುಳುಗಳು ಸತ್ತವು. ಒಂಬತ್ತು ಹುಣಸೆ ಬೀಜದಷ್ಟಾದವು. ಹನಮವ್ವ ಬಕೀಟು ಹಿಡಿದು ಬಸ್ಸು ಹತ್ತಿದಳು.

"ಏನಬೇ ಆಯಿ, ಮೀನಾ?" ಕಂಡಕ್ಟರ್ ಕೇಳಿದ.

"ಅಲ್ಲಪಾ. ಸರ್ ಅವರ ಪರೀಕ್ಷಾ ಐತಿ."

ಯುವರಾಜ ಸರ್ ಆಕಳಿಸುತ್ತ ಅವನ್ನು ಒಂದೊಂದು ಲೋಟಕ್ಕೆ ಒಂದರಂತೆ ಬಿಸಿಲಿಗಿಟ್ಟರು. ಮಧ್ಯಾಹ್ನ ಭೂತಗನ್ನಡಿ ಹಿಡಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ನಾಲ್ಕು ಲೋಟಗಳಲ್ಲಿ ಬಾಲದ ಚುಕ್ಕೆಗಳು, ಬೆಳಕಿನ ಕೋಲಿನಲ್ಲಿ ಧೂಳು ಆಡುವ ಹಾಗೆ.

"ಕೆರಿ ನೀರ ಹಾಕಿರಬೇಕು ನೀ."

"ಬೋರಿನ ನೀರ್ರಿ. ರೋಗ ಮೊದಲ ಹೊಟ್ಯಾಗಿತ್ರಿ. ಬೆಳಿಯಾಕ ಜಾಗಾ ಇರಲಿಲ್ಲ, ಅಷ್ಟ."

ಸರ್ ಕನ್ನಡಕ ಒರೆಸಿದರು. "ಲೇಖನ ಅಚ್ಚಾಗಿ ಬಂದುಬಿಟ್ಟದ ಯವ್ವಾ. ಈಗ ಹೆಂಗ ತಿದ್ದಲಿ?"

ಗದ್ದ ಊದಿ ಸಾಯುವುದು ಲೇಖನವೇ ಎಂಬಂತಿತ್ತು ಆ ಮುಖ. ಹನಮವ್ವ ಬಕೀಟು ಎತ್ತಿಕೊಂಡಳು.

ದಾರಿಯಲ್ಲಿ ಹುಲ್ಲಪ್ಪನ ಹೊಲಕ್ಕೆ ಹೋಗಿ ಕುಳಿತಳು. "ಯುಗಾದಿ ಆದ ಮ್ಯಾಲೂ ನೀರ ಬಿಡು. ನನ್ನ ಕುರಿ ನಿನ್ನ ಹೊಲದಾಗ ಮಲಗ್ತಾವ. ಗೊಬ್ಬರ ನಿಂದು." ಹುಲ್ಲಪ್ಪ ಬಕೀಟಿನೊಳಗೆ ಇಣುಕಿ ಹೂಂ ಎಂದ.

ಬೋರ್ಡು ಇನ್ನೂ ಇದೆ. ಸಂಜೆ ಅದರ ಕಂಬದ ಬುಡಕ್ಕೆ ಜೋಳದ ಕಾಳಿನಂಥವು ಸಾಲಾಗಿ ಹತ್ತುತ್ತವೆ, ಸುರಕ್ಷಿತವಾಗಿ.