ಹಲೋ ಅಜ್ಜಿಯ ನೀಲಿ ವಿಮಾನ

ಬಾಗಿಲು ತಟ್ಟಿದರೆ ಎಲ್ಲರೂ ‘ಯಾರು?’ ಎಂದು ಕೇಳುತ್ತಾರೆ. ಆಕೆ ಮಾತ್ರ ‘ಹಲೋ’ ಎನ್ನುತ್ತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಅರ್ಧ ಆಯುಸ್ಸು ಕಳೆದವಳ ಬಾಯಿಗೆ ಬೇರೆ ಮಾತು ಬರುವುದಾದರೂ ಹೇಗೆ? ಅಕ್ಕಪಕ್ಕದವರ ಜೊತೆ ಹರಟುವಾಗ ಒಳಗೆ ಹಾಲು ಉಕ್ಕಿದ ವಾಸನೆ ಬಂದರೆ, ‘ಲೈನಲ್ಲೇ ಇರಿ’ ಎಂದು ಓಡುತ್ತಿದ್ದಳು. ಹೀಗಾಗಿ ಇಡೀ ಬೀದಿಗೆ ಅವಳು ಹಲೋ ಅಜ್ಜಿ.

ಮುಖಕ್ಕಿಂತ ದನಿಯನ್ನೇ ಹೆಚ್ಚು ನಂಬಿ ಬದುಕಿದವಳು. ಅದಕ್ಕೇ ಇರಬೇಕು, ಎರಡೂ ಕಣ್ಣಿಗೆ ಪೊರೆ ಬಂದು ಲೋಕ ಮಬ್ಬಾಗುತ್ತ ಹೋದರೂ ತಲೆ ಕೆಡಿಸಿಕೊಳ್ಳಲಿಲ್ಲ. ‘ಕಿವಿ ನೆಟ್ಟಗಿದೆಯಲ್ಲ, ಸಾಕು ಬಿಡು’ ಎಂದು ತಳ್ಳಿಹಾಕುತ್ತಿದ್ದಳು. ಉಪ್ಪೆಂದುಕೊಂಡು ಅಡುಗೆಗೆ ಸಕ್ಕರೆ ಸುರಿದ ದಿನ ಮಾತ್ರ ಸೊಸೆ ಯಾವ ಸಬೂಬನ್ನೂ ಕಿವಿಗೆ ಹಾಕಿಕೊಳ್ಳದೆ ಆಸ್ಪತ್ರೆಗೆ ಎಳೆದೊಯ್ದಳು. ಮೊದಲು ಬಲಗಣ್ಣಿನ ಆಪರೇಷನ್, ಅದು ಚೆನ್ನಾಗಿ ವಾಸಿಯಾದ ಮೇಲೆ ಎಡಗಣ್ಣಿನದು ಎಂದು ತೀರ್ಮಾನವಾಯಿತು.

ಪಟ್ಟಿ ಬಿಚ್ಚಿದ ಬೆಳಿಗ್ಗೆ ಡಾಕ್ಟರು ಎದುರಿಗೆ ನಿಂತು, “ಏನು ಕಾಣ್ತಿದೆ, ಅಜ್ಜಿ?” ಎಂದು ಕೇಳಿದರು.

“ನಿಮ್ಮ ಅಂಗಿಯ ಗುಂಡಿಯೊಂದನ್ನ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಾರೆ, ಡಾಕ್ಟ್ರೇ.”

ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರು ಬಗ್ಗಿ ತಮ್ಮ ಅಂಗಿ ನೋಡಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ! ಮನೆಗೆ ಬಂದವಳು ಬಾಗಿಲಲ್ಲೇ ನಿಂತು ಸೊಸೆಯನ್ನು ದಿಟ್ಟಿಸಿದಳು. “ಏನೇ ಇದು, ನಿನ್ನ ಕೆನ್ನೆ ಮೇಲೆ ಮಚ್ಚೆ ಇದೆಯಲ್ಲೇ! ಯಾವಾಗ ಬಂತು?”

“ಹುಟ್ಟುವಾಗಲೇ ಬಂತು, ಅತ್ತೆ.”

ಅತ್ತೆಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಕಣ್ಣೀರು ಬಂದರೆ ಕಣ್ಣು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅತ್ತಳು.

ಆಮೇಲೆ ಮನೆಯೊಳಗೇ ಸವಾರಿ ಹೊರಟಿತು. ಬಲಗಣ್ಣು ಮುಚ್ಚಿದರೆ ಲೋಕವನ್ನೆಲ್ಲ ಚಹಾದಲ್ಲಿ ಅದ್ದಿ ತೆಗೆದ ಹಾಗೆ. ಎಡಗಣ್ಣು ಮುಚ್ಚಿದರೆ ಆಗತಾನೇ ಒಗೆದು ಒಣಹಾಕಿದ ಹಾಗೆ. ಹಸಿರೆಂದುಕೊಂಡಿದ್ದ ಬಕೆಟ್ಟು ನೀಲಿ! ಕಪ್ಪೆಂದುಕೊಂಡಿದ್ದ ಕೊಡೆಯೂ ನೀಲಿ! ಎಷ್ಟು ವರ್ಷದಿಂದ ಈ ಒಂದು ಬಣ್ಣ ಯಾರ ಮನೆಗೆ ಹೋಗಿ ಕೂತಿತ್ತು? ಕಿಟಕಿಯಲ್ಲಿ ಆಕಾಶ ನೋಡುತ್ತ ನಿಂತವಳನ್ನು ಊಟಕ್ಕೆ ಕರೆತರುವಷ್ಟರಲ್ಲಿ ಸೊಸೆಗೆ ಸಾಕುಸಾಕಾಗುತ್ತಿತ್ತು.

ಕೆಲವು ವಾರ ಕಳೆದು ಹತ್ತಿರದ ಕೆಲಸಕ್ಕೆಂದು ಹೊಸ ಕನ್ನಡಕವೂ ಬಂತು. ಅಜ್ಜಿ ಡಬ್ಬಿಗಳ ಮೇಲಿನ ಚೀಟಿಗಳನ್ನೆಲ್ಲ ಓದಿ ಮುಗಿಸಿದಳು. ಔಷಧಿಯ ಜೊತೆ ಬರುವ, ಯಾರೂ ಓದದ ಕಾಗದವನ್ನೂ ಬಿಡಲಿಲ್ಲ. ಕೊನೆಗೆ, “ಇನ್ನೂ ಸಣ್ಣದು ಏನಾದ್ರೂ ಇದ್ರೆ ಕೊಡೇ” ಎಂದು ಕೂತಳು.

ಸೊಸೆ ಪೇಟೆಯ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುತ್ತಿದ್ದಳು. ಅಲ್ಲಿ ಮೂಲೆ ಜಜ್ಜಿಹೋಗಿ ಮಾರಾಟವಾಗದೆ ಉಳಿದ ಪೆಟ್ಟಿಗೆಯೊಂದಿತ್ತು. ಹಳೆಯ ಯುದ್ಧಕಾಲದ, ಹಡಗಿನ ಮೇಲಿಂದ ಹಾರುತ್ತಿದ್ದ ಕಾದಾಟದ ವಿಮಾನವನ್ನು ಅಂಗೈಯಗಲಕ್ಕೆ ಇಳಿಸಿ, ಬಿಡಿಬಿಡಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ತುಂಬಿದ್ದರು. ಜೋಡಿಸುವುದು ಕೊಂಡವರ ಪಾಡು. ಮಾಲೀಕ, “ತಗೊಂಡ್ಹೋಗಮ್ಮ, ಜಾಗ ಖಾಲಿಯಾಗ್ಲಿ” ಎಂದ. ಅತ್ತೆ ಮನೆಗೆ ಬಂದವರ ಮುಖದ ಮಚ್ಚೆ, ಕಲೆಗಳನ್ನು ಎತ್ತಿ ಆಡುವುದಾದರೂ ನಿಲ್ಲಲಿ ಎಂದು ಸೊಸೆ ತಂದಳು.

ಅಜ್ಜಿ ಮುಚ್ಚಳದ ಚಿತ್ರ ನೋಡಿದವಳೇ ಎದ್ದು ನಿಂತಳು. ನೊರೆಯೆದ್ದ ಸಮುದ್ರ, ಹಡಗಿನ ಚಪ್ಪಟೆ ಬೆನ್ನು, ಅದರ ಮೇಲೆ ಇಳಿಯುತ್ತಿರುವ ವಿಮಾನ. ಮೂಗಿನಿಂದ ಬಾಲದವರೆಗೆ ಕಡುನೀಲಿ!

“ನೋಡೇ, ನೋಡೇ! ಎಡಗಣ್ಣಲ್ಲಿ ಇದ್ದಿಲು, ಬಲಗಣ್ಣಲ್ಲಿ ನೀಲಿ!”

ಮಗ ವಾಹನಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನವನು. ಸಂಜೆ ಬಂದು ಊಟದ ಮೇಜಿನ ತುಂಬ ಹರಡಿದ ಪ್ಲಾಸ್ಟಿಕ್ ನೋಡಿ ಹುಬ್ಬೇರಿಸಿದ. “ಅಮ್ಮಾ, ಇದು ಮಕ್ಕಳಾಟ.”

“ನನ್ನ ಕಣ್ಣಿಗಿನ್ನೂ ಎರಡು ತಿಂಗಳು ಕಣೋ. ಮಕ್ಕಳಾಟ ಆಡದೆ ಇನ್ನೇನು ಮಾಡ್ಲಿ?”

ಅವನು ತಟ್ಟೆ ಹಿಡಿದು ಟೀವಿಯ ಮುಂದೆ ಹೋಗಿ ಕೂತ.

ಕಡ್ಡಿ ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡಿದ್ದ ಭಾಗಗಳನ್ನು ಅಜ್ಜಿ ಉಗುರು ಕತ್ತರಿಸುವ ಕಟರಿನಿಂದ ಬಿಡಿಸಿದಳು. ಉಗುರು ಉಜ್ಜುವ ಪಟ್ಟಿಯಿಂದ ಅಂಚು ನಯ ಮಾಡಿದಳು. ಸೊಸೆಯ ಹುಬ್ಬಿನ ಚಿಮಟ ಅಜ್ಜಿಯ ಪಾಲಾಯಿತು. ಧೂಳು ಕಣ್ಣಿಗೆ ಬೀಳಬಾರದೆಂದು ಸೊಸೆ ಆಸ್ಪತ್ರೆಯಲ್ಲಿ ಕೊಟ್ಟ ದೊಡ್ಡ ಕಪ್ಪು ಕನ್ನಡಕ ತೊಡಿಸಿದರೆ, ಅಜ್ಜಿ ಅದನ್ನು ಹಣೆಗೇರಿಸಿ ತಾನೇ ಪೈಲಟ್ಟಿನ ಹಾಗೆ ಕೂರುತ್ತಿದ್ದಳು.

ಮಾಡಿದಷ್ಟೂ ಬೆರಗು. ಪೈಲಟ್ಟಿನ ಮುಂದಿನ ಹಲಗೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗಡಿಯಾರಗಳ ಸಾಲು, ಒಂದೊಂದರಲ್ಲೂ ಮುಳ್ಳು! “ನಮ್ಮ ಎಕ್ಸ್‌ಚೇಂಜಿನ ಬೋರ್ಡೇ ಕಣೇ ಇದು, ಇಷ್ಟೇ ಇಷ್ಟು ಮಾಡಿಟ್ಟಿದ್ದಾರೆ” ಎಂದು ಅಜ್ಜಿ ಸಂಭ್ರಮಿಸಿದಳು. ಸಾಲು ಸಾಲು ತೂತುಗಳಿಗೆ ಕಣ್ಣು ಮುಚ್ಚಿ ಪ್ಲಗ್ಗು ಸಿಕ್ಕಿಸುತ್ತಿದ್ದ ಬೆರಳುಗಳಿಗೆ ಹಳೆಯ ಚುರುಕು ಮರಳಿತ್ತು. ಬಾಲದ ಕೆಳಗೆ ಒಂದು ಕೊಕ್ಕೆ. ಅದು ಯಾಕೆಂದು ಸೊಸೆ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು: ಹಡಗಿನ ಮೇಲೆ ಓಡಿ ನಿಲ್ಲುವಷ್ಟು ಜಾಗವಿಲ್ಲ, ಅದಕ್ಕೆ ಅಡ್ಡಲಾಗಿ ಹಗ್ಗ ಬಿಗಿದಿರುತ್ತಾರೆ, ಇಳಿಯುವ ವಿಮಾನದ ಕೊಕ್ಕೆ ಆ ಹಗ್ಗಕ್ಕೆ ಸಿಕ್ಕಿಬಿದ್ದರೆ ಬಚಾವು.

“ಸಿಕ್ಕಿಬೀಳದಿದ್ರೆ?”

“ಮತ್ತೆ ಮೇಲಕ್ಕೆ ಹಾರಬೇಕಂತೆ. ಇಲ್ಲಾಂದ್ರೆ ನೀರಿಗೆ.”

ಅಜ್ಜಿ ಕೊಕ್ಕೆ ಬಿಟ್ಟು ಪೈಲಟ್ಟಿನ ಬೊಂಬೆಯನ್ನು ಅಂಗೈಗೆ ತೆಗೆದುಕೊಂಡಳು. ಅದು ಮೊದಲೇ ತಯಾರಾಗಿತ್ತು. ಬೆರಳ ತುದಿಯಷ್ಟೂ ಇಲ್ಲದವನಿಗೆ ಒಂದೆಳೆ ಕುಂಚದಿಂದ ಹುಬ್ಬು ಕೂಡ ಬರೆದಿದ್ದಳು. “ಎಳೇ ಹುಡುಗರನ್ನ ಕೂರಿಸಿ ಕಳಿಸ್ತಿದ್ರಲ್ಲೇ” ಎಂದಳು ಮೆಲ್ಲಗೆ.

ರೆಕ್ಕೆಯ ವಿಷಯದಲ್ಲಿ ಅತ್ತೆ ಸೊಸೆಗೆ ದೊಡ್ಡ ವಾದವೇ ನಡೆಯಿತು. ಹಡಗಿನ ಹೊಟ್ಟೆಯಲ್ಲಿ ಹೆಚ್ಚು ವಿಮಾನ ಹಿಡಿಯಲೆಂದು ಇದರ ರೆಕ್ಕೆಗಳನ್ನು ಅರ್ಧಕ್ಕೆ ಮೇಲಕ್ಕೆ ಮಡಚಬಹುದಿತ್ತು. ಬಿಡಿಸಿ ಅಂಟಿಸುವುದೋ ಮಡಚಿ ಅಂಟಿಸುವುದೋ, ಒಮ್ಮೆ ಅಂಟಿಸಿದರೆ ಮುಗಿಯಿತು.

“ಬಿಡಿಸೇ ಇಡೋಣ, ಅತ್ತೆ. ವಿಮಾನ ಅಂದ್ಮೇಲೆ ಹಾರೋ ಹಾಗಿರಬೇಡ್ವಾ?”

“ಬೇಡ. ಮಡಚಿದ್ರೆ ವಾಪಸ್ ಬಂದಿದೆ ಅಂತ ಅರ್ಥ. ಕೊಕ್ಕೆ ಸಿಕ್ಕಿದೆ, ಹುಡುಗ ಇಳಿದಿದ್ದಾನೆ.”

“ಸರಿ, ಹುಡುಗ ಎಲ್ಲಿ ಮತ್ತೆ?”

ಅಜ್ಜಿ ಬೊಂಬೆಯನ್ನು ಚಿಮಟದಲ್ಲಿ ಎತ್ತಿ ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟಳು. “ಕೂತಿದ್ದಾನಲ್ಲ ನೋಡು, ಊಟಕ್ಕೆ!”

ಸೊಸೆ ನಕ್ಕು ಸೋಲೊಪ್ಪಿಕೊಂಡಳು.

ಎಲ್ಲ ಸುಸೂತ್ರವಾಗಿ ಸಾಗುತ್ತಿದ್ದಾಗಲೇ ಎಡವಟ್ಟಾಯಿತು. ಪೈಲಟ್ಟಿನ ತಲೆಯ ಮೇಲೆ ಬರುವ ಪಾರದರ್ಶಕ ಮುಚ್ಚಳ ಬಾಕಿ ಇತ್ತು. ಗಾಜಿನಂಥ ಚೂರು, ಸೋಪಿನ ಗುಳ್ಳೆಯಷ್ಟು ತಿಳಿ. ಪ್ಲಾಸ್ಟಿಕ್ಕಿಗೆಂದೇ ತಂದಿದ್ದ ಅಂಟು ಮುಗಿದಿತ್ತು. ಸೊಸೆ ಅಂಗಡಿಯಿಂದ ಬರುವವರೆಗೆ ತಡೆಯಲಾಗಲಿಲ್ಲ ಅಜ್ಜಿಗೆ. ಡ್ರಾಯರಿನಲ್ಲಿದ್ದ, ತಟ್ಟನೆ ಹಿಡಿಯುವ ಗಮ್ಮು ಹಚ್ಚಿ ಮುಚ್ಚಳ ಕೂರಿಸಿಬಿಟ್ಟಳು. ಕೈ ತೊಳೆದು ಬಂದು ನೋಡುತ್ತಾಳೆ, ಮುಚ್ಚಳಕ್ಕೆ ಬಿಳಿ ಮಂಜು ಕವಿದಿದೆ! ಒರೆಸಿದರೆ ಹೋಗದು. ಗಮ್ಮಿನ ಆವಿ ತಗುಲಿ ಗಾಜು ಕುರುಡಾಗಿತ್ತು.

ಮಧ್ಯಾಹ್ನದ ಊಟಕ್ಕೆಂದು ಬಂದ ಮಗನಿಗೆ ಬಾಗಿಲಲ್ಲಿ ‘ಹಲೋ’ ಕೇಳಿಸಲಿಲ್ಲ. ಗಾಬರಿಯಾಗಿ ಒಳಗೆ ನುಗ್ಗಿದ. ತಾಯಿ ಮೇಜಿನ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು.

“ಏನಾಯ್ತಮ್ಮ? ಕಣ್ಣು ನೋವಾ?”

“ನನಗಲ್ಲ ಕಣೋ. ಇದಕ್ಕೆ ಪೊರೆ ಬಂತು.”

ಅವನು ವಿಮಾನವನ್ನು ಎತ್ತಿ ಬೆಳಕಿಗೆ ಹಿಡಿದ. ಇಷ್ಟು ದಿನ ಅದರ ಹತ್ತಿರವೂ ಸುಳಿಯದಿದ್ದವನು ಒಮ್ಮೆ ತಿರುಗಿಸಿ, ಇನ್ನೊಮ್ಮೆ ತಿರುಗಿಸಿ ನೋಡಿದ. ಗಡಿಯಾರಗಳ ಸಾಲಿನ ಮೇಲೆ ಕಣ್ಣು ನಿಂತಿತು. “ಇದನ್ನ ನೀನೇ ಅಂಟಿಸಿದ್ಯಾ?”

“ಇನ್ಯಾರು, ಪಕ್ಕದ್ಮನೆಯವರಾ?”

“ಅಲ್ಲಮ್ಮ, ಬಣ್ಣ ಹೊಡೆಯೋಕೆ ಮುಂಚೆ ಯಾರಾದ್ರೂ ಗಾಜು ಕೂರಿಸ್ತಾರಾ? ನನ್ನನ್ನ ಒಂದು ಮಾತು ಕೇಳೋದಲ್ವಾ?”

“ಮಕ್ಕಳಾಟ ಅಂದವರನ್ನ ಹೇಗೋ ಕೇಳೋದು?”

ಮಗ ಪೆಚ್ಚಾಗಿ ನಕ್ಕ. ಬ್ಲೇಡಿನ ತುದಿಯಿಂದ ಮುಚ್ಚಳವನ್ನು ಉಸಿರು ಬಿಗಿಹಿಡಿದು ಎಬ್ಬಿಸಿದ. ಟೂತ್‌ಪೇಸ್ಟು, ಮೆತ್ತನೆ ಬಟ್ಟೆ ತರಿಸಿ ಕೂತ. “ಹಳೇ ಗಾಡಿಯ ಹೆಡ್‌ಲೈಟು ಮಂಕಾದ್ರೆ ಹೀಗೇ ಉಜ್ಜೋದು. ತಾಳು.” ಒಳಮೈಗೆ ಬೆರಳು ಹೋಗದೆ, ಕಿವಿಗೆ ಹಾಕುವ ಹತ್ತಿಕಡ್ಡಿ ಬಂತು. ಮಗ ಉಜ್ಜುವುದು, ತಾಯಿ ಬೆಳಕಿಗೆ ಹಿಡಿದು “ಇನ್ನೂ ಸ್ವಲ್ಪ, ಬಲಗಡೆ” ಎನ್ನುವುದು. ಊಟ ಆರಿ ತಣ್ಣಗಾಯಿತು. ಗ್ಯಾರೇಜಿನಿಂದ ಬಂದ ಫೋನು ಹೊಡೆದುಕೊಂಡೇ ಇತ್ತು. ಕಡೆಗೊಮ್ಮೆ ನೀರಲ್ಲಿ ಅದ್ದಿ ತೆಗೆದರೆ, ಮುಚ್ಚಳದಾಚೆ ಮಗನ ಬೆರಳಿನ ಗೆರೆಗಳು ಕಂಡವು!

“ಬಂತು ಕಣೋ! ಬಂತು!” ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು.

ಅಂದಿನಿಂದ ಅವನಿಗೂ ಹುಚ್ಚು ಹಿಡಿಯಿತು. ಮಾರನೆಯ ದಿನ ಸಂಜೆ ಟೀವಿಯ ಕಡೆ ತಿರುಗಿ ಕೂಡ ನೋಡದೆ, ಖಾಲಿ ಚೌಕಟ್ಟಿನ ತುಂಡೊಂದರ ಮೇಲೆ ಗ್ಯಾರೇಜಿನ ಬಣ್ಣ ಪರೀಕ್ಷಿಸಿದ. ತುಂಡು ಬೆಂದವರ ಚರ್ಮದ ಹಾಗೆ ಸುಕ್ಕಾಯಿತು.

“ಥಿನ್ನರ್ ಜಾಸ್ತಿಯಾಯ್ತು. ಪ್ಲಾಸ್ಟಿಕ್ಕನ್ನೇ ತಿಂತಿದೆ.”

“ಹೆಸರೇ ಥಿನ್ನರ್ ಅಂತೆ, ತಿನ್ನದೆ ಬಿಡುತ್ತೇನೋ?” ಎಂದಳು ಅಜ್ಜಿ. ಗಂಡ ಹೆಂಡತಿ ಬಿದ್ದು ಬಿದ್ದು ನಕ್ಕರು.

ಗ್ಯಾರೇಜಿಗೆ ರಜೆ ಇದ್ದ ದಿನ ಮೂವರೂ ಅಲ್ಲಿಗೇ ಹೋದರು. ಸುತ್ತ ಬಾಗಿಲು ಕಳಚಿದ ಕಾರುಗಳು, ಕಾಗದ ಸುತ್ತಿದ ಕಿಟಕಿಗಳು, ನೆಲದ ತುಂಬ ಬಣ್ಣದ ಕಲೆಗಳು. ಮಗ ಪ್ಲಾಸ್ಟಿಕ್ಕು ತಡೆಯುವ ಬೇರೆ ಬಣ್ಣ ತರಿಸಿದ್ದ. ಬಟ್ಟಲಲ್ಲಿ ನೀಲಿ ಕಲಸಿ, ಪೆಟ್ಟಿಗೆಯ ಚಿತ್ರದ ಪಕ್ಕ ಹಿಡಿದ. ಅಜ್ಜಿ ಎಡಗಣ್ಣಿಗೆ ಅಂಗೈ ಮುಚ್ಚಿ ನೋಡಿದಳು.

“ಇದರೊಳಗೆ ಹಸಿರು ಇಣುಕ್ತಿದೆ.”

“ಅಮ್ಮಾ, ಬಣ್ಣ ಕಲಸೋದೇ ನನ್ನ ಕಸುಬು.”

“ನನ್ನದು ಹೊಸ ಕಣ್ಣು ಕಣಪ್ಪ.”

ಅವನು ಬಟ್ಟಲನ್ನು ಬಿಸಿಲಿಗೆ ಒಯ್ದ. ಕತ್ತು ಓರೆ ಮಾಡಿ ನೋಡಿದ. ಹೆಂಡತಿಯನ್ನು ಕರೆದು ತೋರಿಸಿದ. ಒಳಗೆ ಬಂದು ಒಂದು ಹನಿ ನೇರಳೆ ಬೆರೆಸಿದ.

“ಈಗ?”

“ಈಗ ಸಮುದ್ರ!”

ಅಜ್ಜಿಯನ್ನು ದೂರದ ಗಾಜಿನಾಚೆ ಕೂರಿಸಿ ಅವನು ಬಣ್ಣ ಸಿಂಪಡಿಸುವ ಗನ್ನು ಹಿಡಿದ. ಉಸಿರು ಬಿಟ್ಟಷ್ಟು ತೆಳುವಾಗಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು. ಬೂದು ಬಣ್ಣದ ಪ್ಲಾಸ್ಟಿಕ್ಕು ಕಣ್ಣೆದುರೇ ನೀಲಿಗೆ ತಿರುಗುತ್ತಿದ್ದರೆ ಅಜ್ಜಿ ಗಾಜಿಗೆ ಮೂಗು ಒತ್ತಿ, ಪಕ್ಕದಲ್ಲಿದ್ದ ಸೊಸೆಯ ಕೈಯನ್ನು ಹಿಂಡಿಬಿಟ್ಟಿದ್ದಳು. ದೊಡ್ಡ ದೊಡ್ಡ ಲಾರಿಗಳಿಗೆ ಬಣ್ಣ ಹೊಡೆದವನ ಹಣೆಯಲ್ಲಿ ಈ ಅಂಗೈಯಗಲದ ವಿಮಾನಕ್ಕೆ ಬೆವರು ಇಳಿದಿತ್ತು.

ಆಮೇಲೆ ನೀರಲ್ಲಿ ನೆನೆಸಿ ಕಾಗದದಿಂದ ಜಾರಿಸುವ ಗುರುತು, ಅಂಕಿಗಳನ್ನು ಅಂಟಿಸಿದ್ದು ಸೊಸೆ. ಮುಚ್ಚಳವನ್ನು ಹಿಂದಕ್ಕೆ ಸರಿಸಿದಂತೆ ಕೂರಿಸಿದ್ದು ಮಗ, ಈ ಸಲ ಸರಿಯಾದ ಅಂಟಿನಲ್ಲಿ. ಮಡಚಿದ ರೆಕ್ಕೆಗಳನ್ನು ನಿಲ್ಲಿಸಿ, ಅಂಟು ಆರುವವರೆಗೂ ಎರಡೂ ಕೈಯಲ್ಲಿ ಹಿಡಿದು ಅಲುಗಾಡದೆ ಕೂತವಳು ಅಜ್ಜಿ. ಮೂಗು ತುರಿಸಿದಾಗ ಸೊಸೆ ಬಂದು ಕೆರೆಯಬೇಕಾಯಿತು.

ಎಡಗಣ್ಣಿನ ಆಪರೇಷನ್ನೂ ಮುಗಿಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ಕೈಕಾಲು ತೊಳೆಯುವುದಕ್ಕೂ ಮೊದಲು ವಿಮಾನದ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ, ತೆರೆದು ನೋಡಿದಳು. ಎರಡರಲ್ಲೂ ಒಂದೇ ನೀಲಿ.

ಸೊಸೆ ವಿಮಾನವನ್ನು ಅಂಗಡಿಗೆ ಒಯ್ದು ಮಾಲೀಕನಿಗೆ ತೋರಿಸಿದಾಗ ಅವನು ಬಾಯಿ ತೆರೆದವನು ಮುಚ್ಚಲಿಲ್ಲ. ಸ್ವಲ್ಪ ದಿನ ಇಲ್ಲೇ ಇರಲಿ ಎಂದು ಕೇಳಿ, ಬೀದಿಗೆ ಕಾಣುವ ಗಾಜಿನ ಕಪಾಟಿನ ನಟ್ಟನಡುವೆ ಇಟ್ಟ. ಅಜ್ಜಿಗೆ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಹೋಗಿ, ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಬಸ್ಸಿಗೆ ಕಾಯುವವಳ ಹಾಗೆ ನಿಂತಳು. ಜನ ನಿಲ್ಲುತ್ತಿದ್ದರು! ಕೈಚೀಲದ ಹೆಂಗಸೊಬ್ಬಳು ನಿಂತಳು. ಹೆಲ್ಮೆಟ್ಟು ಕೂಡ ತೆಗೆಯದೆ ಡೆಲಿವರಿಯವನೊಬ್ಬ ಬಗ್ಗಿ ನೋಡಿದ. ಅಜ್ಜಿ ಸುಮ್ಮನೆ ನೋಡಿಕೊಂಡು ಹೋಗುವುದೆಂದು ಬಂದಿದ್ದಳು. ಆದರೆ ಕಿವಿ ಎಂಥ ಕಿವಿ! ಗಾಡಿಗಳ ಸದ್ದಿನ ನಡುವೆಯೂ ಡೆಲಿವರಿಯವನ ಮಾತು ಬಂದು ಬಡಿಯಿತು.

“ಚೆನ್ನಾಗಿದೆ, ಆದ್ರೆ ಪಾಪ, ರೆಕ್ಕೆ ಮುರಿದುಹೋಗಿದೆ ನೋಡಿ.”

ಅಜ್ಜಿ ಬರುತ್ತಿದ್ದ ಬಸ್ಸಿಗೆ ಅಂಗೈ ಅಡ್ಡ ತೋರಿಸಿ ರಸ್ತೆ ದಾಟಿಯೇಬಿಟ್ಟಳು. “ಮುರಿದಿಲ್ಲಪ್ಪಾ, ಮಡಚಿದೆ! ಮಡಚಿದ್ದು ನಾನೇ! ಈ ಕೈಯಲ್ಲೇ!”

ಅವರಿಬ್ಬರೂ ತಿರುಗಿ ನೋಡಿದರು. ಅಜ್ಜಿ ಅವರನ್ನು ಹೋಗಗೊಡಲಿಲ್ಲ. ಹಡಗು, ಹಗ್ಗ, ಕೊಕ್ಕೆ ಎಲ್ಲ ಒಂದೇ ಉಸಿರಿಗೆ ಬಂತು. ದಾರಿಹೋಕರು ಇನ್ನಷ್ಟು ಜನ ಸೇರಿದರು. ಒಳಗಿನಿಂದ ಗಲಾಟೆ ಕೇಳಿ ಸೊಸೆ ಬಾಗಿಲಿಗೆ ಬಂದು ನೋಡುತ್ತಾಳೆ: ಜನರ ನಡುವೆ ಅತ್ತೆ ಎರಡೂ ಕೈ ಅಗಲಕ್ಕೆ ಚಾಚಿ, ಮೊಣಕೈಯಿಂದ ಮೇಲಕ್ಕೆ ಮಡಚಿ, “ಹೀಗೆ! ಇಲ್ಲಿಂದ ಹೀಗೆ!” ಎಂದು ತೋರಿಸುತ್ತಿದ್ದಾಳೆ, ಅವಳ ಎದುರಿಗೆ ಡೆಲಿವರಿಯವನೂ ಹೆಲ್ಮೆಟ್ಟಿನಲ್ಲೇ ಕೈ ಮಡಚಿ ನಿಂತಿದ್ದಾನೆ.