ಸೊನ್ನೆ ಎಂದುಕೊಂಡದ್ದು

ಮನೆಯಲ್ಲಿ ಅವಳು ಸೊನ್ನೆಯಕ್ಕ. ಓದುವ ಕಾಲದಲ್ಲಿ ಗಟ್ಟಿಯಾಗಿ ಲೆಕ್ಕ ಮಾಡುತ್ತಾ, ‘ಇದು ತೀರಾ ಚಿಕ್ಕದು, ಸೊನ್ನೆ ಅಂದ್ಕೊಳ್ಳೋಣ’ ಎನ್ನುವುದು ಅವಳ ರೂಢಿ. ಪ್ರಯೋಗಾಲಯದ ಗೊಡವೆಯಿಲ್ಲದೆ ಕಾಗದದ ಮೇಲೆಯೇ ಭೌತಶಾಸ್ತ್ರ ಮಾಡುವವರ ಚಾಳಿಯೇ ಅದು. ಚಿಕ್ಕದನ್ನು ಕೈಬಿಟ್ಟರೆ ದೊಡ್ಡದು ಹೇಗೋ ದಾರಿಗೆ ಬರುತ್ತದೆ.

ಡಾಕ್ಟರೇಟ್ ಬಂತು, ಎರಡು ವಿಶ್ವವಿದ್ಯಾಲಯಗಳಲ್ಲಿ ತಾತ್ಕಾಲಿಕ ಸಂಶೋಧನೆಯ ಕೆಲಸವೂ ಮುಗಿಯಿತು. ಡಾಕ್ಟರೇಟ್ ಆಗಿ ಐದು ವರ್ಷ ದಾಟಿದರೆ ಇಂಥ ಹುದ್ದೆಗಳ ಬಾಗಿಲು ಮುಚ್ಚುತ್ತದೆ. ಅವಳಿಗೆ ಉಳಿದದ್ದು ಇದೊಂದೇ ಸಂದರ್ಶನ. ಇದೂ ಕೈತಪ್ಪಿದರೆ ತಮ್ಮನ ಟ್ಯೂಷನ್ ಕ್ಲಾಸಿನಲ್ಲಿ ಪಾಠ ಮಾಡುವುದೆಂದು ಮನೆಯಲ್ಲಿ ಮಾತಾಗಿತ್ತು.

“ನನ್ ಕ್ಲಾಸೇನು ಕಮ್ಮಿನಾ?” ಎಂದ ತಮ್ಮ.

“ಕಮ್ಮಿ ಅಲ್ಲ ಕಣೋ. ಅಲ್ಲಿ ಉತ್ತರ ಪುಸ್ತಕದ ಕೊನೇಲೇ ಇರುತ್ತೆ. ನಂಗೆ ಉತ್ತರ ಯಾರಿಗೂ ಗೊತ್ತಿಲ್ದಿರೋದು ಬೇಕು.”

“ನಿಂಗೆ ಕೆಲಸ ಯಾವಾಗ ಸಿಗುತ್ತೆ ಅನ್ನೋದು ಯಾರಿಗೂ ಗೊತ್ತಿಲ್ಲ. ಅದನ್ನೇ ಲೆಕ್ಕ ಹಾಕು.”

ಬಾಯಿ ಜೋರು, ಆದರೆ ರೈಲು ನಿಲ್ದಾಣಕ್ಕೆ ಬಿಟ್ಟುಬಂದವನೂ ಅವನೇ.

ಸಂದರ್ಶನದ ಕೋಣೆಯ ಒಂದು ಗೋಡೆ ಪೂರ್ತಿ ಕರಿಹಲಗೆ. ನೀರಿನ ತೆಳುಪದರ ಯಾವಾಗ ಒಡೆದು ಹನಿಯಾಗುತ್ತದೆ ಎಂಬ ತನ್ನ ಎರಡು ವರ್ಷದ ಲೆಕ್ಕವನ್ನು ಅವಳು ಅಲ್ಲಿ ಬಿಡಿಸಿಟ್ಟಳು. ಸಮಿತಿಯ ಅಧ್ಯಕ್ಷರು ತಲೆಯಾಡಿಸಿದರು. ಅಷ್ಟು ಹೊತ್ತೂ ಕಣ್ಣುಮುಚ್ಚಿ ಕೂತಿದ್ದ ಹಿರಿಯ ಪ್ರೊಫೆಸರಮ್ಮ ಕಣ್ಣುಬಿಟ್ಟರು.

“ಎರಡನೇ ಸಾಲಲ್ಲಿ ಒಂದು ಅಂಶ ಬಿಟ್ರಲ್ಲ, ಯಾಕೆ?”

“ತುಂಬಾ ಚಿಕ್ಕದು, ಮೇಡಂ.”

“ಈಗ ಚಿಕ್ಕದು. ಪದರ ಇನ್ನೂ ತೆಳ್ಳಗಾದ ಮೇಲೆ?”

ಅವಳು ಹಲಗೆ ನೋಡಿದಳು. ಪದರ ತೆಳ್ಳಗಾದಷ್ಟೂ ಅದು ಬೆಳೆಯುತ್ತದೆ. ಕೊನೆಗೆ ಅದೊಂದೇ ಉಳಿಯುತ್ತದೆ. ಎರಡು ವರ್ಷ ನೀರಿನಲ್ಲಿ ಹೋಮ! ಏನಾದರೂ ತೇಲಿಸಿ ಹೇಳಿ ಪಾರಾಗಬಹುದಿತ್ತು, ಬಾಯಿದ್ದವರು ಪಾರಾಗುತ್ತಾರೆ ಕೂಡ. ಅವಳು ಡಸ್ಟರ್ ಎತ್ತಿಕೊಂಡು ಇಡೀ ಹಲಗೆ ಒರೆಸಿದಳು.

“ತಪ್ಪಾಗಿದೆ. ಮೊದಲಿಂದ ಮಾಡ್ತೀನಿ.”

“ಟೈಮ್ ಮುಗೀತಲ್ಲಮ್ಮ,” ಎಂದರು ಅಧ್ಯಕ್ಷರು.

“ನೀವು ಹೊರಡಿ ಸಾರ್. ನಾನು ಮುಗಿಸೇ ಹೋಗೋದು.”

ಉಳಿದವರು ಎದ್ದು ಹೋದರು. ಪ್ರೊಫೆಸರಮ್ಮನೂ ಹೋದರು, ಸಂಜೆಯ ಹೊತ್ತಿಗೆ ಎರಡು ಲೋಟ ಚಹಾ ಹಿಡಿದು ವಾಪಸಾದರು. ಹಲಗೆ ಮತ್ತೆ ತುಂಬಿತ್ತು, ಅವಳ ತೋಳೆಲ್ಲ ಸೀಮೆಸುಣ್ಣ.

“ಹುದ್ದೆ ಬೇರೆಯವರಿಗೆ ಹೋಯ್ತು,” ಎಂದರು ಅವರು. “ಸುತ್ತಿಬಳಸಿ ಹೇಳೋದು ನಂಗೆ ಬರಲ್ಲ.”

ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೊನೆಯ ಸಾಲು ತೋರಿಸಿದಳು. “ಇಲ್ಲಿ ಮೈನಸ್ ಬರುತ್ತೆ ಅನ್ಸುತ್ತೆ. ನೋಡಿ ಮೇಡಂ.”

ಪ್ರೊಫೆಸರಮ್ಮ ತುಂಬಾ ಹೊತ್ತು ನೋಡಿದರು. ಲೋಟ ಕೆಳಗಿಟ್ಟು ಸೀಮೆಸುಣ್ಣ ಕೈಗೆತ್ತಿಕೊಂಡರು.

ರೈಲು ಹತ್ತುವ ಮೊದಲು ತಮ್ಮನಿಗೆ ಫೋನ್ ಮಾಡಿದಳು.

“ಕೆಲಸ ಸಿಗಲಿಲ್ಲ ಕಣೋ. ನಿನ್ ಕ್ಲಾಸಿಗೆ ಬರ್ತೀನಿ, ಆದ್ರೆ ಬೆಳಗ್ಗೆ ಮಾತ್ರ. ಮಧ್ಯಾಹ್ನ ಇಲ್ಲಿನ ಮೇಡಂ ಜೊತೆ ಫೋನಲ್ಲಿ ಲೆಕ್ಕ. ಇಬ್ಬರೂ ಸೇರಿ ಮೊದಲಿಂದ ಬರೀತೀವಿ.”

“ಅದಕ್ಕೆ ಅವರು ಎಷ್ಟು ಕೊಡ್ತಾರಂತೆ?”

“ಸದ್ಯಕ್ಕೆ ಸೊನ್ನೆ ಅಂದ್ಕೋ,” ಎಂದಳು ಅಕ್ಕ. “ಆಮೇಲೆ ಬೆಳೆಯುತ್ತೆ.”